ಬಾಗಿಲ ಪದ್ಯ

"ಇದನ್ನ ಹೊಲಿದೋರು ಯಾರಪ್ಪಾ, ಇಷ್ಟು ಚೆನ್ನಾಗಿ?"

ದೊಡ್ಡಕ್ಕ ಜೋರಾಗಿಯೇ ಕೇಳಿದಳು. ಚರ್ಚಿನಲ್ಲಿ ಆಗ ಒಂದು ನರಪಿಳ್ಳೆಯೂ ಇರಲಿಲ್ಲ. ಬೆಂಚುಗಳು ಸಾಲಾಗಿ ಕೂತು ಅವಳ ಮುಖ ನೋಡಿದವು, ಅಷ್ಟೆ.

ಗಾಯನದವರು ಕೂರುವ ಜಾಗಕ್ಕೆ ಅಡ್ಡಲಾಗಿ ನೀಲಿ ಪರದೆ ತೂಗುಹಾಕುವುದು ವರ್ಷಕ್ಕೊಮ್ಮೆ ಅವಳ ಪಾಲಿಗೆ ಬರುವ ಕೆಲಸ. ಪರದೆಯ ಎಡಗಡೆಯ ಮೂಲೆ ಯಾವುದೋ ಕಾಲದಲ್ಲಿ ಮೊಳೆಗೆ ಸಿಕ್ಕಿ ಹರಿದಿತ್ತು. ಪ್ರತಿ ಸಲವೂ ನೋಡಿ, ಹೊಲಿಯಬೇಕು ಅಂದುಕೊಂಡು, ಮರೆಯುವುದು ನಡೆದೇ ಇತ್ತು. ಈ ಸಲ ಹರಿದ ಜಾಗವೇ ಕಾಣದು. ಕಣ್ಣಿಗೆ ಸಿಗದ್ದು ಬೆರಳಿಗೆ ಸಿಕ್ಕಿತು: ಅದೇ ನೀಲಿ ದಾರ, ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು. ಯಾರೋ ಕೂತು, ಉಸಿರು ಬಿಗಿಹಿಡಿದು ಮಾಡಿದ ಕೆಲಸ. ದೊಡ್ಡಕ್ಕ ಆ ಮೂಲೆಯನ್ನು ಒಂದು ಗಳಿಗೆ ಕೆನ್ನೆಗೆ ಒತ್ತಿಕೊಂಡಳು. ಹಬೆಯ, ಸೋಪಿನ ವಾಸನೆ. ತಮ್ಮ ನಡೆಸುವ ಬಟ್ಟೆ ತೊಳೆಯುವ ಕಾರ್ಖಾನೆಯ ವಾಸನೆ. ಚರ್ಚಿನ ಬಟ್ಟೆಗಳೆಲ್ಲ ಅಲ್ಲಿಂದಲೇ ಪುಕ್ಕಟೆಯಾಗಿ ಶುಭ್ರವಾಗಿ ಬರುತ್ತಿದ್ದವು.

ಆ ದಿನ ಫೋನಮ್ಮನ ನಿಧಿಯ ದಿನ. ಫೋನಮ್ಮ ಅಂದರೆ ಈ ಅಕ್ಕ ತಮ್ಮಂದಿರ ತಾಯಿ. ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಒಂದು ತಂತಿ ಕಿತ್ತು ಇನ್ನೊಂದಕ್ಕೆ ಜೋಡಿಸುತ್ತಾ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಊರಿನ ಅರ್ಧ ಜಗಳ, ಅರ್ಧ ಮದುವೆ ಅವಳ ಕಿವಿಯೊಳಗಿಂದಲೇ ಹಾದುಹೋಗಿದ್ದವು. ಬಾಯಿಗೆ ಮಾತ್ರ ಒಂದೂ ಬಂದಿರಲಿಲ್ಲ. ಅವಳು ತೀರಿಕೊಂಡ ಮೇಲೆ ಸಭೆಯವರು ಅವಳ ನೆನಪಿಗೆ ನಿಧಿ ಕಟ್ಟಿದರು. ಅನ್ಯಾಯದ ವಿರುದ್ಧ ನಿಂತವರಿಗೆ, ಕೇಳುವವರೇ ಇಲ್ಲದವರ ಪರವಾಗಿ ದುಡಿಯುವ ಒಂದು ಗುಂಪಿಗೆ, ವರ್ಷಕ್ಕೊಮ್ಮೆ ಆ ನಿಧಿಯಿಂದ ನೆರವು.

ಆದರೆ ಕೊಡುವ ರೀತಿ ಬೇರೆಲ್ಲೂ ಇಲ್ಲದ್ದು. ಅರ್ಜಿ ಇಲ್ಲ, ಫೋಟೋ ಇಲ್ಲ. ನೆರವು ಕೇಳಲು ಬಂದವರು ಪರದೆಯ ಹಿಂದೆ ನಿಂತು ಮಾತಾಡಬೇಕು. ತಮ್ಮ ಹೆಸರು ಹೇಳಬಾರದು, ಊರು ಕೇರಿ ಹೇಳಬಾರದು, ಅನ್ಯಾಯ ಮಾಡಿದವರ ಹೆಸರಂತೂ ಎತ್ತಲೇಬಾರದು. ಪರದೆಯ ಈಚೆ ಸಭೆಯ ಐದು ಜನ ಕಣ್ಣು ಮುಚ್ಚಿ ಕೂತು ಕೇಳಬೇಕು. ಮುಖ ಕಂಡರೆ ಮನಸ್ಸು ನಮ್ಮವರು ತಮ್ಮವರು ಅಂತ ಹುಡುಕುತ್ತದೆ, ದನಿಯನ್ನು ಮಾತ್ರ ಕೇಳಿ ಅಂತ ಫೋನಮ್ಮ ಯಾವಾಗಲೂ ಹೇಳುತ್ತಿದ್ದಳು. ಮಾತು ಮುಗಿದ ಮೇಲೆ ಅವಳ ಮನೆಯವರಲ್ಲಿ ಒಬ್ಬರು "ಕೇಳಿದೆವು" ಅನ್ನಬೇಕು. ಎಲ್ಲರ ಸರದಿ ಆದ ಮೇಲೆ, ಒಂದೊಂದು ಗುಂಪಿಗೂ ಒಪ್ಪಿದವರು ಎದ್ದು ನಿಲ್ಲಬೇಕು. ಐದೂ ಜನ ಎದ್ದರೆ ಮಾತ್ರ ನೆರವು. ಯಾರಾದರೂ ಕೂತೇ ಉಳಿದರೆ, ಯಾಕೆ ಕೂತೆ ಅಂತ ಪರದೆಯ ಕಡೆ ತಿರುಗಿ, ಆಚೆಯವರಿಗೆ ಕೇಳುವ ಹಾಗೆ ಬಾಯಿಬಿಟ್ಟು ಹೇಳಬೇಕು.

ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರಾಗಿ ಬಂದರು. ಪಾದ್ರಿಗಳು, ನರ್ಸಮ್ಮ, ಗಡಿಯಾರ ರಿಪೇರಿಯವರು. ಕೊನೆಗೆ ತಮ್ಮ, ಬಿಳಿ ಅಂಗಿಯ ಮಡಿಕೆ ಮುರಿಯದಂತೆ ನಡೆಯುತ್ತಾ.

"ಬಂದ್ರು ನೋಡಿ ಇಸ್ತ್ರಿ ಸಾಹೇಬ್ರು," ಅಂದರು ನರ್ಸಮ್ಮ. "ಕೂತ್ಕೊಂಡ್ರೆ ಎಲ್ಲಿ ಸುಕ್ಕಾಗುತ್ತೋ ಅಂತ ನಿಂತೇ ಇರ್ತಾರೆ."

"ನಿಮ್ಮ ನಾಲಿಗೆಗೂ ಒಂದ್ಸಲ ಇಸ್ತ್ರಿ ಹಾಕಿಸಿ ನರ್ಸಮ್ಮ, ರಿಯಾಯಿತಿ ಕೊಡ್ತೀನಿ."

"ಅದಕ್ಕಿಂತ ಈ ಗಡಿಯಾರದೋರಿಗೆ ಏನಾದ್ರೂ ಕೊಡಿ. ಕಣ್ಣು ಮುಚ್ಚಿ ಅಂದ ತಕ್ಷಣ ಗೊರಕೆ ಶುರು. ಹೋದ ವರ್ಷ ಅವರ ಗೊರಕೆ ಕೇಳಿ ಆಚೆ ಕಡೆಯವರು, ಪಾಪ, ಯಾರೋ ಅಳ್ತಿದಾರೆ ಅಂದ್ಕೊಂಡ್ರಂತೆ."

ಎಲ್ಲರೂ ನಕ್ಕರು. ಗಡಿಯಾರದವರೂ ನಕ್ಕರು. ದೊಡ್ಡಕ್ಕ ತಮ್ಮನ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

"ಲೋ, ನಿನ್ನ ಕಾರ್ಖಾನೇಲಿ ಯಾರದೋ ಕೈ ಬಂಗಾರದ್ದು ಕಣೋ. ಪರದೆ ಮೂಲೆ ಎಷ್ಟು ಚೆನ್ನಾಗಿ ಹೊಲಿದಿದಾರೆ! ಅವರಿಗೆ ನಾನು ಹೇಳ್ದೆ ಅಂತ ಹೇಳು."

"ಹೊಲೀರಿ ಅಂತ ನಾನು ಯಾರಿಗೂ ಹೇಳಿಲ್ವಲ್ಲ," ಅಂದ ತಮ್ಮ. "ಹೋಗ್ಲಿ, ಹೇಳ್ತೀನಿ ಬಿಡು."

ಐದೂ ಜನ ಮುಂದಿನ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದರು. ದೊಡ್ಡಕ್ಕನಿಗೆ ಇದು ಇಷ್ಟದ ಗಳಿಗೆ. ಚಿಕ್ಕಂದಿನಿಂದ ಅವಳು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ತಾಯಿ ತಾನೇ ಪದ್ಯ ಕಟ್ಟಿ ಹೇಳುತ್ತಿದ್ದಳು, ಹಿಟ್ಟು ನಾದುವಾಗ ಒಂದು, ತಲೆ ಬಾಚುವಾಗ ಒಂದು. ಬರೆದಿಟ್ಟದ್ದು ಒಂದೂ ಇಲ್ಲ. ಕಣ್ಣು ಮುಚ್ಚಿದರೆ ದೊಡ್ಡಕ್ಕನಿಗೆ ಈಗಲೂ ಮೊದಲು ಕೇಳುವುದು ಆ ದನಿ.

ಆ ವರ್ಷ ಎರಡೇ ಗುಂಪು. ಮೊದಲು ಬಂದವರು ಮನೆ ಕಳೆದುಕೊಂಡವರ ಪರವಾಗಿ ಓಡಾಡುವ ಗುಂಪಿನವರು. ಕೆಮ್ಮುತ್ತಾ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. "ಕೇಳಿದೆವು," ಅಂದ ತಮ್ಮ, ತುಂಬು ದನಿಯಲ್ಲಿ. ಅವರು ಹೊರಗೆ ಹೋದ ಮೇಲೆ ಪರದೆಯ ಹಿಂದಿನ ಬಾಗಿಲು ಮತ್ತೆ ತೆರೆದುಕೊಂಡಿತು. ಹಗುರ ಹೆಜ್ಜೆ. ಆಮೇಲೆ ಒಂದು ಹೆಣ್ಣುದನಿ.

"ನಮಸ್ಕಾರ. ನಂಗೆ ಮಾತಾಡಿ ಅಭ್ಯಾಸ ಇಲ್ಲ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

"ಹೇಳಮ್ಮ," ಅಂದರು ಪಾದ್ರಿಗಳು.

"ನಾವು ಆಸ್ಪತ್ರೆ ಹಾಸಿಗೆ ಬಟ್ಟೆ ತೊಳೆಯೋರು. ರಾತ್ರಿ ಪಾಳಿ, ಎಲ್ಲ ಹೆಂಗಸ್ರೇ. ಕೆಲಸ ಬಿಟ್ಟೋರು ಕೆಲವರು, ಇನ್ನೂ ಮಾಡ್ತಾ ಇರೋರು ಕೆಲವರು ಸೇರಿ ಒಂದು ಸಂಘ ಕಟ್ಕೊಂಡಿದೀವಿ. ನಮ್ಮ ಯಜಮಾನ್ರು ಕೆಟ್ಟ ಮಾತು ಆಡೋರಲ್ಲ. ಕೈ ಎತ್ತಿದೋರಲ್ಲ. ಕೂಲಿ ಹಿಡ್ಕೊಂಡೋರಲ್ಲ. ಬೀಗ ಒಂದೇ. ಸಂಜೆ ಒಳಗೆ ಹೋದ್ರೆ ಹೊರಗಡೆಯಿಂದ ಬೀಗ. ಬೆಳಿಗ್ಗೆ ಅವರು ಬಂದು ತೆಗೆದಾಗಲೇ ನಾವು ಆಚೆಗೆ."

ದೊಡ್ಡಕ್ಕ ಮನಸ್ಸಿನಲ್ಲೇ ಮರುಗಿದಳು. ಎಂಥ ಜನ ಇರ್ತಾರಪ್ಪಾ. ಇಂಥದ್ದೇ ಕಸುಬಿನಲ್ಲಿ ತನ್ನ ತಮ್ಮನೂ ಇದ್ದಾನೆ, ಅವನಿಗೆ ಕೇಳುವಾಗ ಎಷ್ಟು ಸಂಕಟ ಆಗುತ್ತಿದೆಯೋ ಅನ್ನಿಸಿತು. ಪಕ್ಕದಲ್ಲಿ ಕೂತ ಅವನ ಮೊಣಕೈ ತನ್ನ ಮೊಣಕೈಗೆ ತಾಗುತ್ತಿತ್ತು.

"ಇನ್ನೊಂದು ಹೇಳ್ಬೇಕು," ಅಂತು ದನಿ. "ಅವರು ಸುಮ್ನೆ ಬೀಗ ಹಾಕ್ತಿರಲಿಲ್ಲ. ಬಾಗಿಲು ಮುಚ್ಚಿ, ಆಚೆ ನಿಂತು ದೇವರ ಪದ್ಯ ಒಂದು ಹೇಳೋರು. ದಿನಾ ಕೇಳಿ ಕೇಳಿ ನಮಗೂ ಬಾಯಿಗೆ ಬಂತು. ಹೆದರಿಕೆ ಆದಾಗ ನಾವೂ ಅದನ್ನೇ ಹೇಳ್ಕೊಳ್ಳೋರು. ತುಂಬ ಒಳ್ಳೇ ಪದ್ಯ."

ಮತ್ತೆ, ಯಾರೂ ಕೇಳದೆಯೇ, ಅವಳು ಹೇಳಿದಳು:

"ಕದವ ಮುಚ್ಚುವ ಕೈಯ ಮೇಲೆ ನಿನ್ನ ಕೈಯಿರಲಿ ದೊರೆಯೆ,
ಹೊರಗಣ ಇರುಳು ಹೊರಗೇ ನಿಲಲಿ, ಒಳಗಣ ದೀಪ ನಿನ್ನ ಹೊರೆಯೆ.
ಒಳಗಿರುವ ನಮ್ಮ ಉಸಿರನೆಣಿಸು, ಒಂದನೂ... ಮರೆಯದೆ ಕಾಯೊ,
ಬೆಳಗು ಬಂದು ಕದವ ತಟ್ಟಲು ನೀನೆ ಚಿಲಕವ ತೆಗೆಯೊ."

ಮೊದಲ ಸಾಲಿಗೆ ದೊಡ್ಡಕ್ಕನ ತುಟಿ ತಾನಾಗಿಯೇ ಅಲ್ಲಾಡಿತ್ತು. ಮನೆಯಲ್ಲಿದ್ದೇನೆ ಅನ್ನುವಷ್ಟು ಸಹಜವಾಗಿ. ಎರಡನೆಯ ಸಾಲಿಗೆ ಎದೆಯೊಳಗೆ ಏನೋ ಕೈ ಜಾರಿ ಬಿದ್ದ ಪಾತ್ರೆಯ ಹಾಗೆ ಸದ್ದು ಮಾಡಿತು. ಮೂರನೆಯ ಸಾಲಿನಲ್ಲಿ, ಒಂದನೂ ಅಂದ ಮೇಲೆ ಆ ತಡೆ. ತಂತಿಯ ಆಚೆ ತುದಿಯಲ್ಲಿ ಜನ ಇನ್ನೂ ಇದ್ದಾರೋ ಇಲ್ಲವೋ ಅಂತ ಒಂದು ಕ್ಷಣ ನಿಂತು ಕೇಳುವ ಅಭ್ಯಾಸ ಫೋನಮ್ಮನಿಗೆ ಪದ್ಯ ಹೇಳುವಾಗಲೂ ಹೋಗಿರಲಿಲ್ಲ. ಆ ತಡೆ ದೊಡ್ಡಕ್ಕನಿಗೆ ಬಂದಿತ್ತು, ದೊಡ್ಡಕ್ಕನಿಂದ ತಮ್ಮನಿಗೆ ಬಂದಿತ್ತು. ಭೂಮಿಯ ಮೇಲೆ ಇನ್ನಾರಿಗೂ ಅದು ಬರುವ ದಾರಿಯೇ ಇರಲಿಲ್ಲ.

ಅವಳು ಕಣ್ಣು ತೆರೆದಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತೆರೆದವಳಲ್ಲ.

ಪಾದ್ರಿಗಳು ಕಣ್ಣು ಮುಚ್ಚಿದ್ದರು. ನರ್ಸಮ್ಮ ಮುಚ್ಚಿದ್ದರು. ಗಡಿಯಾರದವರ ಗದ್ದ ಎದೆಗೆ ಇಳಿದಿತ್ತು. ತಮ್ಮನೂ ಕಣ್ಣು ಮುಚ್ಚಿಯೇ ಇದ್ದ. ಅವನ ಮುಖದಲ್ಲಿ ಸಂಜೆ ಪ್ರಾರ್ಥನೆಯ ಶಾಂತಿ. ತುಟಿಗಳು ಸದ್ದಿಲ್ಲದೆ ಆಚೆಯ ದನಿಯ ಜೊತೆಜೊತೆಗೇ ಹೋಗುತ್ತಿದ್ದವು. ನೀನೆ ಚಿಲಕವ ತೆಗೆಯೊ ಅಂತ ಅವಳ ಜೊತೆಯಲ್ಲೇ ಮುಗಿಸಿದ. ಮುಗಿಸಿ, ಒಂದು ಉಸಿರು ಎಳೆದ. ಆಮೇಲೆ ಗೊತ್ತಾಯಿತು ಅವನಿಗೆ. ದೊಡ್ಡಕ್ಕ ನೋಡುತ್ತಿದ್ದಂತೆಯೇ ಆ ಮುಖದಿಂದ ರಕ್ತ ಇಳಿದುಹೋಯಿತು, ಬಚ್ಚಲಿನ ನೀರು ತೂಬಿಗೆ ಇಳಿದ ಹಾಗೆ.

"ಉಸಿರು ಎಣಿಸು ಅಂತ ಬರುತ್ತಲ್ಲ," ಅಂತು ದನಿ. "ಹೋದ ತಿಂಗಳು ಒಂದು ಉಸಿರು ಕಮ್ಮಿ ಆಯ್ತು. ನನ್ನ ಪಕ್ಕದಲ್ಲೇ ಕೆಲಸ ಮಾಡೋಳು. ಹಬೆಗೆ ಎದೆ ಹಿಡ್ಕೊಂಡು ಕೂತಳು. ಬಾಗಿಲು ಬಡಿದ್ವಿ. ಕೂಗಿದ್ವಿ. ಅಂಗೈ ಒಡೆಯೋ ಹಾಗೆ ಬಡಿದ್ವಿ. ನೀರು ಕುಡಿಸಿದ್ವಿ, ಗಾಳಿ ಹಾಕಿದ್ವಿ. ಅವಳೇ ಹೇಳಿದ್ಳು, ಸಾಕು ಬಿಡ್ರೇ, ಪದ್ಯ ಹೇಳಿ ಅಂತ. ಹೇಳಿದ್ವಿ. ಬೆಳಿಗ್ಗೆ ಬೀಗ ತೆಗೆಯೋ ಹೊತ್ತಿಗೆ ತಣ್ಣಗಾಗಿದ್ಳು."

ನರ್ಸಮ್ಮ "ಅಯ್ಯೋ ದೇವರೇ" ಅಂದರು, ಕಣ್ಣು ತೆರೆಯದೆ.

ದೊಡ್ಡಕ್ಕನಿಗೆ ಆ ಬೆಳಿಗ್ಗೆ ನೆನಪಾಯಿತು. ತಮ್ಮ ತಿಂಡಿ ಮುಟ್ಟದೆ ತಟ್ಟೆಯ ಮುಂದೆ ಕೂತಿದ್ದ. ನಮ್ಮಲ್ಲಿ ಕೆಲಸಕ್ಕಿದ್ದೋಳು ಒಬ್ಬಳು ಹೋಗ್ಬಿಟ್ಳು ಅಕ್ಕ, ಹಾರ್ಟು, ಅಂದಿದ್ದ. ಅತ್ತಿದ್ದ, ನಿಜವಾಗಿಯೂ ಅತ್ತಿದ್ದ. ಶವಪೆಟ್ಟಿಗೆ ಅವನೇ ಕೊಡಿಸಿದ. ಮುಂದಿನ ಭಾನುವಾರ ಇದೇ ಬೆಂಚಿನ ಮುಂದೆ ನಿಂತು ದೊಡ್ಡಕ್ಕನೇ ಆ ಹೆಣ್ಣಿನ ಆತ್ಮಕ್ಕಾಗಿ ಪ್ರಾರ್ಥನೆ ನಡೆಸಿದ್ದಳು. ಸಭೆಯೆಲ್ಲ ಆಮೆನ್ ಅಂದಿತ್ತು. ಇಂಥ ಯಜಮಾನರು ಸಿಗಬೇಕು ಅಂತ ಪಾದ್ರಿಗಳು ಎಲ್ಲರೆದುರು ಹೊಗಳಿದ್ದರು. ಆಗ ದೊಡ್ಡಕ್ಕ ಹೆಮ್ಮೆಯಿಂದ ತಮ್ಮನ ಕಡೆ ತಿರುಗಿ ನೋಡಿದ್ದಳು.

"ಬಲೇ ಒಳ್ಳೇ ಹೆಂಗಸು," ಅನ್ನುತ್ತಿತ್ತು ದನಿ. "ಹರಿದ ಬಟ್ಟೆ ಕೈಗೆ ಬಂದ್ರೆ ಹಾಗೇ ಬಿಡೋಳಲ್ಲ. ಯಾರದ್ದೇ ಆಗ್ಲಿ, ಹೇಳ್ಲಿ ಬಿಡ್ಲಿ, ಸೂಜಿ ದಾರ ತಗೊಂಡು ಕೂತ್ಬಿಡೋಳು. ನಿಂಗ್ಯಾಕೇ ಇಲ್ಲದ ಉಸಾಬರಿ ಅಂತ ನಾವು ರೇಗಿಸೋರು. ಈಗ ನಾವು ಕೇಳೋದು ದೊಡ್ಡದೇನಲ್ಲ. ಒಬ್ಬ ವಕೀಲರನ್ನ ಇಡೋದಕ್ಕೆ ಆಸರೆ. ಒಳಗಡೆಯಿಂದ ತೆಗೆಯೋಕಾಗೋ ಬಾಗಿಲು. ಅಷ್ಟೇ..."

ಮಾತು ಅಲ್ಲಿಗೇ ನಿಂತಿತು. ಮುಗಿದು ನಿಂತದ್ದಲ್ಲ, ಕಡಿದು ನಿಂತದ್ದು. ಪರದೆಯ ಎಡ ಮೂಲೆ ಸ್ವಲ್ಪ ಅಲುಗಿತು. ಆಚೆಯಿಂದ ಎರಡು ಬೆರಳು ಅಂಚಿನ ಈಚೆಗೆ ಬಂದವು. ನೀರಿನಲ್ಲಿ ನೆನೆದು ನೆನೆದು ಬಿಳಿಚಿ ಸುಕ್ಕುಗಟ್ಟಿದ ಬೆರಳು. ಅವು ಹೊಲಿಗೆಯ ಮೇಲೆ ನಿಧಾನವಾಗಿ, ಕುರುಡರು ಮುಖ ಸವರಿ ಗುರುತಿಸುವ ಹಾಗೆ ಹರಿದಾಡಿದವು. ಹೊಲಿಗೆಯ ಕೊನೆಗೆ ಬಂದು ಅಲ್ಲೇ ನಿಂತವು.

ಬೆಳಿಗ್ಗೆ ಖಾಲಿ ಚರ್ಚಿಗೆ ಕೇಳಿದ ಪ್ರಶ್ನೆ ದೊಡ್ಡಕ್ಕನಿಗೆ ನೆನಪಾಯಿತು. ಕೆನ್ನೆಗೆ ಒತ್ತಿಕೊಂಡದ್ದೂ ನೆನಪಾಯಿತು. ಆ ಕೆನ್ನೆ ಉರಿಯತೊಡಗಿತು.

ಈಗ "ಕೇಳಿದೆವು" ಅನ್ನಬೇಕು. ತಮ್ಮ ಬಾಯಿ ತೆರೆದ. ದನಿ ಬರಲಿಲ್ಲ, ಅವನು ಬರಗೊಡಲಿಲ್ಲ. ದಿನಾ ಸಂಜೆ ಬಾಗಿಲಿನ ಆಚೆಯಿಂದ ಕೇಳಿದ ಆ ದನಿಯನ್ನು ಪರದೆಯ ಹಿಂದಿನವಳು ಒಂದೇ ಮಾತಿಗೆ ಹಿಡಿದುಬಿಡುತ್ತಾಳೆ. ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. ನಿಶ್ಶಬ್ದಕ್ಕೆ ಗಡಿಯಾರದವರು ಬೆಚ್ಚಿ ಎದ್ದು "ಆಂ, ಆಯ್ತಾ?" ಅಂದರು. ತಮ್ಮ ಎಡಗೈಯಿಂದ ಅಕ್ಕನ ಮೊಣಕೈಯನ್ನು ಹಿಂಡಿದ.

"ಕೇಳಿದೆವು," ಅಂದಳು ದೊಡ್ಡಕ್ಕ. ಆ ದನಿ ಅವಳದೇ ಅನ್ನಿಸಲಿಲ್ಲ.

"ಹಾಂ," ಅಂತು ಆಚೆಯ ದನಿ, ಒದ್ದೆಯಾಗಿ. ಬೆರಳು ಹಿಂದಕ್ಕೆ ಹೋದವು.

ಒಪ್ಪಿಗೆಗೆ ಎದ್ದು ನಿಲ್ಲುವ ಮುಂಚೆ ಟೀ ಕುಡಿಯುವುದು ವಾಡಿಕೆ. ಕೇಳಲು ಬಂದವರಿಗೆ ಪರದೆಯ ಹಿಂದಕ್ಕೇ ಟೀ ಹೋಗುತ್ತದೆ. ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತಾ ಲೋಟ ಜೋಡಿಸುತ್ತಿದ್ದರು. "ಯಾವೋನೋ ಅವನು, ಅವನ ಕೈ ಸೇದಿಹೋಗ. ಪದ್ಯ ಬೇರೆ ಹೇಳ್ತಾನಂತೆ ಪದ್ಯ!" ಅಂದರು. ಪಾದ್ರಿಗಳು, "ಈ ಸಲ ಯೋಚನೆ ಮಾಡೋದೇ ಬೇಡ ಅನ್ಸುತ್ತೆ, ಐದೂ ಜನ ಏಳ್ತೀವಿ," ಅಂದರು. ತಮ್ಮ ಅಕ್ಕನ ಕೈ ಹಿಡಿದು ಗಂಟೆಯ ಹಗ್ಗ ಇಳಿಬಿಟ್ಟ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಒರಗಿಸಿದ. ಅಲ್ಲಿ ಮುರಿದ ಕುರ್ಚಿ, ಹಳೆಯ ಹಾಡಿನ ಪುಸ್ತಕಗಳ ಗುಡ್ಡೆ.

"ಅಕ್ಕ, ನೀನು ಏಳ್ಬೇಡ," ಅಂದ, ಪಿಸುದನಿಯಲ್ಲಿ.

"ಏನು?"

"ಎಲ್ಲರೂ ಎದ್ದಾಗ ನೀನು ಕೂತಿರು. ನಿನ್ನ ಎಡಗಿವಿ ಮಂದ ಅಂತ ಎಲ್ಲರಿಗೂ ಗೊತ್ತು. ಸರಿಯಾಗಿ ಕೇಳಿಸ್ಲಿಲ್ಲ ಅನ್ನು. ಯಾರೂ ಎರಡನೇ ಮಾತು ಆಡಲ್ಲ."

"ನೀನೇ ಕೂತ್ಕೋ."

"ಕೂತ್ರೆ ಬಾಯಿ ಬಿಡ್ಬೇಕಲ್ಲೇ! ಆ ಕಡೆ ತಿರುಗಿ..." ಅವನು ಗಂಟಲು ಮುಟ್ಟಿಕೊಂಡ.

ದೊಡ್ಡಕ್ಕ ಅವನನ್ನೇ ನೋಡಿದಳು. ಅಂಗಿಯ ಮಡಿಕೆ ಇನ್ನೂ ಮುರಿದಿರಲಿಲ್ಲ.

"ಹಾರ್ಟು ಅಂದ್ಯಲ್ಲೋ."

"ಹಾರ್ಟೇ ಅಕ್ಕ. ಡಾಕ್ಟ್ರೂ ಹಾಗೇ ಹೇಳಿದ್ರು."

"ಬೀಗ?"

"ಹೆಂಗಸ್ರು ಕಣೇ ಅವರು. ಸುತ್ತಮುತ್ತ ಎಂಥೆಂಥೋರೋ ಓಡಾಡ್ತಾರೆ. ಆಸ್ಪತ್ರೆ ಬಟ್ಟೆ ಬೇರೆ ಕಳುವಾಗ್ತಿತ್ತು. ಅವರ ಕ್ಷೇಮಕ್ಕೇ ಹಾಕಿದ್ದು. ನಾನೇನು ಕಟುಕನ ಹಾಗೆ ಜಡಿದು ಹೋದೋನಾ? ಅಮ್ಮನ ಪದ್ಯ ಹೇಳ್ದೆ ಒಂದು ದಿನ ಬೀಗ ಮುಟ್ಟಿಲ್ಲ. ಒಂದೇ ಒಂದು ದಿನ! ಬೇಕಾದ್ರೆ ಅವರನ್ನೇ ಕೇಳು."

ಅದನ್ನು ಕೇಳಿದರೆ ಅಕ್ಕನಿಗೆ ಸಮಾಧಾನವಾಗುತ್ತದೆ ಅನ್ನುವ ಹಾಗೆ ಹೇಳಿದ. ಅವಳು ಗಂಟೆಯ ಹಗ್ಗ ಹಿಡಿದುಕೊಂಡಳು. ಮೇಲೆ ಎಲ್ಲೋ ಗಂಟೆ ಅಲುಗಿತು, ಸದ್ದಾಗಲಿಲ್ಲ.

ತಾಯಿ ರಾತ್ರಿ ಪಾಳಿಗೆ ಹೋದ ದಿನಗಳಲ್ಲಿ ಇವನಿಗೆ ಆ ಪದ್ಯ ಕಲಿಸಿದವಳು ದೊಡ್ಡಕ್ಕನೇ. ಸೊಂಟದ ಮೇಲೆ ಕೂರಿಸಿಕೊಂಡು, ಇವನ ಪುಟ್ಟ ಬೆರಳನ್ನು ಚಿಲಕದ ಮೇಲೆ ಇಟ್ಟು, ಇಬ್ಬರೂ ಒಟ್ಟಿಗೆ ಹಾಕುತ್ತಿದ್ದರು. ಒಳಗಡೆಯ ಚಿಲಕ. ಹೆದರಿಕೆಯಾದರೆ ಕೈ ಎತ್ತಿ ತೆಗೆಯಬಹುದಾದ ಚಿಲಕ. ಒಳಗಿರುವ ನಮ್ಮ ಅಂದರೆ ಆ ಮನೆಯಲ್ಲಿ ತಾನು, ಇವನು, ಆ ದೀಪ.

"ಅಲ್ವೋ, ಆಚೆ ನಿಂತ್ಕೊಂಡು ಅದನ್ನ ಹೇಗೋ ಹೇಳ್ದೆ?" ಅಂದಳು. "ನಾಲಿಗೆ ಹೇಗೆ ತಿರುಗ್ತೋ?"

ಅವನಿಗೆ ಅರ್ಥವಾಗಲಿಲ್ಲ. "ದೇವರಿಗೆ ಆಚೆ ಏನು, ಈಚೆ ಏನು ಅಕ್ಕ," ಅಂದ. ಆಮೇಲೆ ಅವಸರವಸರವಾಗಿ, "ಇವತ್ತಿಂದ ಬೀಗ ಇಲ್ಲ. ಆಣೆ ಮಾಡ್ತೀನಿ. ಇವತ್ತು ಸಂಜೆ ನೀನೇ ಬಾ, ಬೀಗ, ಬೀಗದ ಕೈ ಎರಡೂ ನಿನ್ನ ಕೈಗೇ ಕೊಡ್ತೀನಿ. ಆಯ್ತಾ? ಸತ್ತೋಳ ಮನೆಯವರನ್ನೂ ನೋಡ್ಕೋತೀನಿ. ವಕೀಲ ಗಿಕೀಲ ಬೇಡ. ಯೋಚನೆ ಮಾಡು ಅಕ್ಕ, ಅಮ್ಮನ ನಿಧಿಯಿಂದ ನನ್ನ ಮೇಲೆ ಕೇಸು ಹಾಕ್ತಾರೆ. ಅಮ್ಮನ ಹೆಸರಿಂದ! ಅವಳ ಮಗನ ಮೇಲೆ!"

"ಹೂಂ," ಅಂದಳು ದೊಡ್ಡಕ್ಕ. ಅದನ್ನು ಅವಳು ಆಗಲೇ ಯೋಚಿಸಿಯಾಗಿತ್ತು.

"ಮನೇಲಿ ನನ್ನ ಪುಟ್ಟ ಮಗು ದಿನಾ ಸಂಜೆ ಅತ್ತೆ ಬಾ, ಪದ್ಯ ಹೇಳೋಣ ಅಂತ ನಿನ್ನ ಸೆರಗು ಜಗ್ಗುತ್ತಲ್ಲ. ನಾಳೆ ನನ್ನ ಎಳ್ಕೊಂಡು ಹೋದ್ರೆ ಅದಕ್ಕೆ ಏನು ಹೇಳ್ತೀಯ? ನನ್ನ ಮುಖ ನೋಡ್ಬೇಡ, ಹೋಗ್ಲಿ. ಆ ಮಗು ಮುಖ ನೋಡು."

ಅವನು ಅಳುತ್ತಿದ್ದ. ಆ ಬೆಳಿಗ್ಗೆ ತಟ್ಟೆಯ ಮುಂದೆ ಅತ್ತ ಹಾಗೆಯೇ, ನಿಜವಾಗಿ. ದೊಡ್ಡಕ್ಕನ ಕೈ ತಾನಾಗಿಯೇ ಮೇಲೆದ್ದು ಅವನ ಕಣ್ಣು ಒರೆಸಿತು. ಇಷ್ಟು ವರ್ಷ ಮಾಡಿದ ಕೆಲಸ, ಕೈಗೆ ಬೇರೇನು ಗೊತ್ತು. ಒರೆಸಿದ ಬೆರಳನ್ನು ನೋಡಿಕೊಂಡಳು. ಒದ್ದೆ ಬೆರಳು. ಪರದೆಯ ಅಂಚಿನಲ್ಲಿ ಕಂಡ ಬೆರಳುಗಳಿಗೂ ಇದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ. ಆದರೂ ಅವೇ ಕಣ್ಣಿಗೆ ಕಟ್ಟಿದವು.

"ದೊಡ್ಡಕ್ಕ, ಎಲ್ಲಿದೀರಿ?" ಹೊರಗಿನಿಂದ ಪಾದ್ರಿಗಳು ಕರೆದರು. "ಬನ್ನಿ, ಪಾಪ ಆ ಯಮ್ಮ ನಿಂತೇ ಇದಾರೆ. ಏಳೋ ಹೊತ್ತಾಯ್ತು."

ತಮ್ಮ ಒರಗಿಸಿದ್ದ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಎರಡೂ ಕೈ ಜೋಡಿಸಿದ.

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಹುಟ್ಟಿದಾಗಿಂದ ನಿನ್ನ ಏನೂ ಕೇಳ್ದೋನಲ್ಲ. ಇದೊಂದ್ಸಲ ಕೂತಿರು."

ದೊಡ್ಡಕ್ಕ ಅವನ ಭುಜದ ಮೇಲಿಂದ ಕೈ ಚಾಚಿ ಬಾಗಿಲು ಎಳೆದಳು. ಅದು ಒಳಗಡೆಗೆ ತೆರೆಯುವ ಬಾಗಿಲು, ಅವನು ಜರುಗಲೇಬೇಕಾಯಿತು.

"ಇಲ್ಲ," ಅಂದಳು. "ಕೂರಲ್ಲ."